ಅರಳುಮರಳು ಎನ್ನುವ ಮುನ್ನ: ಸಕ್ಕರೆ ಕಾಯಿಲೆ, ನೆನಪು ಮತ್ತು ರಕ್ತಪರೀಕ್ಷೆ



ಕ್ರಿಸ್ತಜಯಂತಿಯ ನಂತರದ ಭಾನುವಾರ ನಮ್ಮ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ಕೊಂಡಾಡುತ್ತದೆ. ಆ ದಿನದ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯದಿಂದ ವಾಚನವಿರುತ್ತದೆ. ತಂದೆತಾಯಿಯನ್ನು ಗೌರವಿಸಬೇಕೆಂಬ ಮಾತು ಎಲ್ಲರ ಕಿವಿಗೂ ಬೀಳುತ್ತದೆ, ಪ್ರಬೋಧನೆಯಲ್ಲೂ ಅದೇ ಮುಖ್ಯವಾಗುತ್ತದೆ. ಆದರೆ ವಾಚನದ ಕೊನೆಯ ಭಾಗದಲ್ಲಿ ಇನ್ನೊಂದು ಮಾತಿದೆ. ಮುಪ್ಪಿನಲ್ಲಿ ತಂದೆಯ ಬುದ್ಧಿ ಕುಂದಿದರೂ ಮಗ ತಾಳ್ಮೆಯಿಂದ ನಡೆದುಕೊಳ್ಳಬೇಕು, ತನಗೆ ಬಲವಿದೆಯೆಂದು ಅವನನ್ನು ಕಡೆಗಣಿಸಬಾರದು ಎಂದು ಅದರ ಅರ್ಥ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲೇ ಆ ಜ್ಞಾನಿ ಮುಪ್ಪಿನ ಮರೆವನ್ನು ಮನೆಯ ಸಂಗತಿಯೆಂದು ಗುರುತಿಸಿದ್ದ!

ಸಿರಾಖನ ಕಾಲದಲ್ಲಿ ತಾಳ್ಮೆಯ ಹೊರತು ಬೇರೆ ದಾರಿ ಇರಲಿಲ್ಲ. ಇಂದು ತಾಳ್ಮೆಯ ಜೊತೆಗೆ ಮಾಡಬಹುದಾದ ಕೆಲಸಗಳೂ ಇವೆ. ಅದರಲ್ಲೂ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ, ಅವರ ಮರೆವಿಗೆ "ಅರವತ್ತಕ್ಕೆ ಅರಳುಮರಳು" ಎಂದು ನಕ್ಕು ಸುಮ್ಮನಾಗುವುದು ಸರಿಯಲ್ಲ. ಏಕೆಂದರೆ ಆ ಮರೆವಿನ ಹಿಂದೆ ಒಮ್ಮೊಮ್ಮೆ ಸರಿಪಡಿಸಬಹುದಾದ ಕಾರಣವೇ ಇರುತ್ತದೆ. ತಾಲ್ಲೂಕು ಮಟ್ಟದ ರಕ್ತಪರೀಕ್ಷೆಯೊಂದು ಅದನ್ನು ತೋರಿಸಿಕೊಡಬಹುದು.

ಮರೆವು ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತದೆ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಬಾಯಿಲೆಕ್ಕದಲ್ಲೇ ವ್ಯಾಪಾರ ಮಾಡಿದವರು ಚಿಲ್ಲರೆ ಎಣಿಸಲು ತಡವರಿಸಬಹುದು. ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ಯಾವ ಊರಿಗೆ ಹೊರಟೆನೆಂದು ಅಜ್ಜಿ ನಿಂತು ಯೋಚಿಸಬಹುದು. ಜಪಸರದಲ್ಲಿ ಮೂರನೆಯ ರಹಸ್ಯ ಮುಗಿದ ಮೇಲೆ ಮತ್ತೆ ಎರಡನೆಯದಕ್ಕೇ ಬರಬಹುದು. ಇವೆಲ್ಲ ಎಲ್ಲ ಮನೆಯಲ್ಲೂ ಆಗುವಂಥವು. ಆದರೆ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇನ್ನೊಂದು ಗುರುತು ಸಿಗುತ್ತದೆ: ಮಾತ್ರೆಯ ಪಟ್ಟಿ. ಬೆಳಗಿನ ಮಾತ್ರೆ ಎರಡು ಸಲ ನುಂಗಿರುತ್ತಾರೆ, ಇಲ್ಲವೇ ಮೂರು ದಿನದ್ದು ಹಾಗೇ ಉಳಿದಿರುತ್ತದೆ. ಇನ್ಸುಲಿನ್ ಚುಚ್ಚಿಕೊಂಡದ್ದು ಮರೆತು ಮತ್ತೊಮ್ಮೆ ಚುಚ್ಚಿಕೊಂಡರಂತೂ ಪ್ರಾಣಕ್ಕೇ ಅಪಾಯ.

ಇದು ಎಷ್ಟು ಜನರ ಸಮಸ್ಯೆ ಎಂಬುದನ್ನೂ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ವರ್ಷ ಪ್ರಕಟವಾದ ಇನ್ನೊಂದು ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಮರೆಗುಳಿ ಕಾಯಿಲೆಯಿಂದ, ಅಂದರೆ ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. "ಹಳ್ಳಿಯ ಗಾಳಿ, ರಾಗಿ ಮುದ್ದೆ, ನಮಗೇನೂ ಆಗದು" ಎನ್ನುವವರು ಇದನ್ನು ಗಮನಿಸಬೇಕು.

ಈ ಎರಡು ಕಾಯಿಲೆಗಳಿಗೂ ನಂಟಿದೆಯೇ? ಇದೆ. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಸಾವಿರಾರು ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಡಿಮೆನ್ಶಿಯಾದ ಸಂಭವ ಸುಮಾರು ಎರಡು ಪಟ್ಟು ಎಂದು 1999ರಲ್ಲೇ ಹೇಳಿತು. ನಂತರ ಬಂದ ಅಧ್ಯಯನಗಳಲ್ಲಿ ಪ್ರಮಾಣ ಹೆಚ್ಚುಕಡಿಮೆಯಾದರೂ ನಂಟು ಮಾತ್ರ ಅಳಿಯಲಿಲ್ಲ. ನಮ್ಮ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಆ ಶಕ್ತಿಯನ್ನು ಹೊತ್ತು ತರುವ ಕೂದಲೆಳೆಯಂಥ ರಕ್ತನಾಳಗಳು ವರ್ಷಗಳ ಕಾಲ ಹೆಚ್ಚಿದ ಸಕ್ಕರೆಯಿಂದ ಹಾಳಾಗುತ್ತವೆ. ಕಣ್ಣಿಗೆ, ಮೂತ್ರಪಿಂಡಕ್ಕೆ, ಪಾದಕ್ಕೆ ಆಗುವುದೇ ಮಿದುಳಿಗೂ ಆಗುತ್ತದೆ. ಪಾದದ ಗಾಯ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಸಕ್ಕರೆಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದೆ? ಇಲ್ಲಿಯೇ ಅನೇಕರು ಎಡವುತ್ತಾರೆ. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿದ ಗುಂಪಿನಲ್ಲಿ ಸಾವುಗಳು ಹೆಚ್ಚಾದ್ದರಿಂದ 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಅವರ ನೆನಪಿನ ಶಕ್ತಿಯಲ್ಲೂ ಲಾಭ ಕಾಣಲಿಲ್ಲವೆಂದು 2011ರಲ್ಲಿ ವರದಿಯಾಯಿತು. ಸಕ್ಕರೆ ತೀರಾ ಕುಸಿದು ಆಸ್ಪತ್ರೆ ಸೇರಿದವರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇನ್ನೊಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ 16 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಲಾಗಿತ್ತು. ಮೂರು ಅಥವಾ ಹೆಚ್ಚು ಬಾರಿ ಹೀಗಾದವರಲ್ಲಿ ಡಿಮೆನ್ಶಿಯಾದ ಸಂಭವ ಸುಮಾರು ಎರಡು ಪಟ್ಟು ಕಂಡುಬಂತು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಗಾಬರಿ ಬರುತ್ತವೆ. ಆದರೆ ವಯಸ್ಸಾದವರಲ್ಲಿ ಒಮ್ಮೊಮ್ಮೆ ಬರಿಯ ಗೊಂದಲ ಮಾತ್ರ ಕಾಣುತ್ತದೆ. ಮನೆಯವರು ಅದನ್ನೇ ಅರಳುಮರಳು ಎಂದುಕೊಳ್ಳುತ್ತಾರೆ!

ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣವೂ ಉಂಟು. ಹಳೆಯ ತಲೆಮಾರಿನವರು ಇಂದಿಗೂ ನಡುರಾತ್ರಿಯಿಂದ ಏನೂ ಮುಟ್ಟದೆ ಬಂದು ಪರಮಪ್ರಸಾದ ಸ್ವೀಕರಿಸುವುದುಂಟು. ಮಾತ್ರೆಯನ್ನು ಮಾತ್ರ ಬೆಳಿಗ್ಗೆಯೇ ನುಂಗಿರುತ್ತಾರೆ. ಪೂಜೆ ಮುಗಿದು, ಮಾತಾಡಿ, ಮನೆ ಸೇರಿ ತಿಂಡಿ ತಿನ್ನುವ ಹೊತ್ತಿಗೆ ಹತ್ತು ಗಂಟೆ. ಅವರ ಭಕ್ತಿಯನ್ನು ಗೌರವಿಸೋಣ, ಆದರೆ ಆ ನಿಯಮ ಈಗ ಇಲ್ಲವೆಂಬುದನ್ನು ಯಾರಾದರೂ ಅವರಿಗೆ ಹೇಳಬೇಕು. ನಡುರಾತ್ರಿಯ ಉಪವಾಸವನ್ನು ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1957ರಲ್ಲಿ ಮೂರು ಗಂಟೆಗೆ ಇಳಿಸಿದರು. ಆರನೆಯ ಪೌಲರು 1964ರಲ್ಲಿ ಅದನ್ನು ಒಂದು ಗಂಟೆಗೆ ತಂದರು. ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಆ ಒಂದು ಗಂಟೆಯ ಕಟ್ಟೂ ಇಲ್ಲ. ನೀರು, ಔಷಧಿ ಯಾರಿಗೂ ಅಡ್ಡಿಯಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸವೂ 59 ತುಂಬಿ 60ನೇ ವರ್ಷಕ್ಕೆ ಕಾಲಿಟ್ಟವರಿಗೆ ಕಡ್ಡಾಯವಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಬೆನ್‌ಕ್ಲಮೈಡ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ಕಾಯುತ್ತ ಕೂರುವುದನ್ನು ಧರ್ಮಸಭೆ ಕೇಳುವುದಿಲ್ಲ.

ಈಗ ರಕ್ತಪರೀಕ್ಷೆಯ ವಿಷಯ. ಮರೆವು ಕಾಣಿಸಿದಾಗ ಮೊದಲು ನೋಡಬೇಕಾದ್ದು ಹೊಸ, ದುಬಾರಿ ಪರೀಕ್ಷೆಗಳನ್ನಲ್ಲ. ಹಳೆಯ, ಸಾಧಾರಣ ಪರೀಕ್ಷೆಗಳೇ ಸಾಕಷ್ಟು ಹೇಳುತ್ತವೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಎಲ್ಲರಿಗೂ ಗೊತ್ತು. ಆದರೆ ರಕ್ತಹೀನತೆ ಇದ್ದರೆ ಆ ಅಂಕಿ ದಾರಿ ತಪ್ಪಿಸಬಲ್ಲದು. ಕಬ್ಬಿಣದ ಕೊರತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ನಮ್ಮ ಕಡೆಯ ಹೆಂಗಸರಲ್ಲಿ ರಕ್ತಹೀನತೆ ಅಪರೂಪವೇ? ಆದ್ದರಿಂದ ಹಿಮೋಗ್ಲೋಬಿನ್ ಅಂಕಿಯನ್ನೂ ಜೊತೆಗಿಟ್ಟು ಓದಬೇಕು. ಥೈರಾಯ್ಡ್ ಗ್ರಂಥಿ ಮಂದವಾದರೆ ಬುದ್ಧಿಯೂ ಮಂದವಾಗುತ್ತದೆ, ಅದನ್ನು ಟಿಎಸ್‌ಎಚ್ ತೋರಿಸುತ್ತದೆ. ರಕ್ತದೊತ್ತಡಕ್ಕೆ ನೀರು ಇಳಿಸುವ ಮಾತ್ರೆ ನುಂಗುವವರಲ್ಲಿ ಸೋಡಿಯಂ ಇಳಿದು ಗೊಂದಲ ಉಂಟಾಗಬಹುದು. ಮೂತ್ರಪಿಂಡದ ಸ್ಥಿತಿಯನ್ನು ಕ್ರಿಯಾಟಿನಿನ್ ಹೇಳುತ್ತದೆ.

ಇವುಗಳಲ್ಲಿ ನಾನು ಒತ್ತಿ ಹೇಳಬಯಸುವುದು ಬಿ12 ಜೀವಸತ್ವವನ್ನು. ಸಕ್ಕರೆ ಕಾಯಿಲೆಗೆ ಅತಿ ಹೆಚ್ಚು ಬಳಕೆಯಲ್ಲಿರುವ ಮಾತ್ರೆ ಮೆಟ್‌ಫಾರ್ಮಿನ್. ಒಳ್ಳೆಯ ಔಷಧಿ, ಅಗ್ಗದ ಔಷಧಿ, ಅದನ್ನು ತಾವಾಗಿ ನಿಲ್ಲಿಸಕೂಡದು. ಆದರೆ ವರ್ಷಗಟ್ಟಲೆ ನುಂಗಿದವರ ಕರುಳು ಬಿ12 ಹೀರಿಕೊಳ್ಳುವುದನ್ನು ಅದು ಕಡಿಮೆ ಮಾಡಬಲ್ಲದು. ಜೊತೆಗೆ ಹೊಟ್ಟೆಯುರಿಗೆಂದು ಪ್ರತಿದಿನ ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಕೊರತೆ ಇನ್ನೂ ಹೆಚ್ಚು. ಬಿ12 ಕಡಿಮೆಯಾದರೆ ಕಾಲು ಜುಮುಗುಡುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಮಸುಕಾಗುತ್ತದೆ. ಕಾಲಿನ ಜೋಮನ್ನು ಸಕ್ಕರೆಯ ತಲೆಗೆ, ಮರೆವನ್ನು ವಯಸ್ಸಿನ ತಲೆಗೆ ಕಟ್ಟಿ ಬಿಡುತ್ತೇವೆ. "ನಾವು ಮಾಂಸ ತಿನ್ನುವವರು, ನಮಗೆ ಬಿ12 ಕೊರತೆ ಬರುವುದಿಲ್ಲ" ಎಂದು ಕ್ರೈಸ್ತ ಮನೆಗಳಲ್ಲಿ ಕೇಳಿಬರುತ್ತದೆ. ವಾರಕ್ಕೊಮ್ಮೆ ಭಾನುವಾರದ ಸಾರಿನಲ್ಲಿ ಅಜ್ಜಿಗೆ ಸಿಗುವುದು ಎಷ್ಟು ತುಂಡು? ತಿಂದರೂ ಅದನ್ನು ಹೀರಿಕೊಳ್ಳಬೇಕಲ್ಲ! ಮೆಟ್‌ಫಾರ್ಮಿನ್ ಬಹುಕಾಲ ಬಳಸಿದವರಿಗೆ ಆಗಾಗ ಬಿ12 ಪರೀಕ್ಷಿಸಬೇಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೂ ಹೇಳುತ್ತದೆ. ಕೊರತೆ ಬೇಗ ಸಿಕ್ಕರೆ ಚುಚ್ಚುಮದ್ದು ಅಥವಾ ಮಾತ್ರೆಯಿಂದ ತುಂಬಿಸಬಹುದು. ತಡವಾದರೆ ನರಕ್ಕಾದ ಹಾನಿ ಪೂರ್ತಿ ಹಿಂದಿರುಗದು.

ಈ ಸಾಧಾರಣ ಕಾರಣಗಳೆಲ್ಲ ಇಲ್ಲವೆಂದಾದ ಮೇಲೆ ಉಳಿಯುವ ಪ್ರಶ್ನೆ: ಇದು ಆಲ್ಝೈಮರ್ ಕಾಯಿಲೆಯ ಆರಂಭವೇ? ಈ ಕಾಯಿಲೆಯಲ್ಲಿ ಮಿದುಳಿನೊಳಗೆ ಅಮೈಲಾಯ್ಡ್ ಎಂಬ ಪ್ರೋಟೀನು ಕರಣೆಗಟ್ಟುತ್ತದೆ, ಟೌ ಎಂಬ ಇನ್ನೊಂದು ಪ್ರೋಟೀನು ನರಕೋಶದೊಳಗೆ ಸಿಕ್ಕುಗಟ್ಟುತ್ತದೆ. ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಇದು ಶುರುವಾಗಿರುತ್ತದೆ. ಹಿಂದೆ ಇದನ್ನು ಬದುಕಿದ್ದಾಗ ತಿಳಿಯಲು ಬೆನ್ನುಹುರಿಯ ಬಳಿ ಸೂಜಿ ಹಾಕಿ ದ್ರವ ತೆಗೆಯಬೇಕಿತ್ತು, ಇಲ್ಲವೇ ದುಬಾರಿಯಾದ ಪೆಟ್ ಸ್ಕ್ಯಾನ್ ಮಾಡಿಸಬೇಕಿತ್ತು. ಈಗ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಸೂಕ್ಷ್ಮ ಪ್ರಮಾಣವನ್ನೂ ರಕ್ತದಲ್ಲಿ ಅಳೆಯುವ ಯಂತ್ರಗಳು ಬಂದಿವೆ. ಅವು ಹುಡುಕುವ ಗುರುತುಗಳಲ್ಲಿ ಮುಖ್ಯವಾದದ್ದು ಪಿ-ಟೌ 217.

2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಒಂದು ರಕ್ತಪರೀಕ್ಷೆಗೆ ಮೊದಲ ಬಾರಿಗೆ ಅನುಮತಿ ಕೊಟ್ಟಿತು. ಜಪಾನಿನ ಫುಜಿರೆಬಿಯೊ ಕಂಪನಿಯ ಪರೀಕ್ಷೆ ಅದು. ಪಿ-ಟೌ 217 ಮತ್ತು ಅಮೈಲಾಯ್ಡ್ 42 ಇವೆರಡರ ಅನುಪಾತವನ್ನು ನೋಡುತ್ತದೆ. 499 ರೋಗಿಗಳ ಮಾದರಿಯಲ್ಲಿ, ಇದೆ ಎಂದು ಬಂದವರಲ್ಲಿ ಶೇಕಡ 91.7ರಷ್ಟು ಮಂದಿಗೆ ಅಮೈಲಾಯ್ಡ್ ಇದ್ದದ್ದು ಸ್ಕ್ಯಾನ್ ಅಥವಾ ಬೆನ್ನುದ್ರವದಿಂದ ದೃಢವಾಯಿತು. ಇಲ್ಲ ಎಂದು ಬಂದವರಲ್ಲಿ ಶೇಕಡ 97.3ರಷ್ಟು ಮಂದಿಗೆ ಇರಲಿಲ್ಲ. ಇಪ್ಪತ್ತು ಶೇಕಡದೊಳಗೆ ಕೆಲವರದು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬ ಫಲಿತಾಂಶ. ಗಮನಿಸಿ: ಇದು 55 ದಾಟಿದ, ಈಗಾಗಲೇ ಮರೆವಿನ ಲಕ್ಷಣವಿರುವ, ತಜ್ಞರ ಬಳಿಗೆ ಬಂದವರಿಗಾಗಿ ಇರುವ ಪರೀಕ್ಷೆ. ಆರೋಗ್ಯವಾಗಿರುವವರು ಕುತೂಹಲಕ್ಕೆ ಮಾಡಿಸಿಕೊಳ್ಳುವ ಪರೀಕ್ಷೆಯಲ್ಲ.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರದಿಂದಿರಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಈ ಪ್ರೋಟೀನುಗಳು ರಕ್ತದಲ್ಲಿ ಉಳಿದು, ಮಿದುಳಿನಲ್ಲಿ ಇಲ್ಲದ ಕಾಯಿಲೆ ಇರುವಂತೆ ತೋರಿಸಬಹುದು. ಅನುಪಾತ ನೋಡುವುದರಿಂದ ಈ ತೊಡಕು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೈತೂಕ ಹೆಚ್ಚಿದ್ದರೆ ಅಂಕಿ ಕಡಿಮೆಯಾಗಿ ಕಾಣುವುದೂ ಉಂಟು. ನ್ಯೂರೋಫಿಲಮೆಂಟ್ ಎಂಬ ಇನ್ನೊಂದು ಗುರುತು ನರಗಳು ಸವೆಯುತ್ತಿವೆ ಎಂದು ತಿಳಿಸುತ್ತದೆ. ಆದರೆ ಸವೆಯುತ್ತಿರುವುದು ಮಿದುಳಿನ ನರವೋ ಪಾದದ ನರವೋ ಎಂದು ಅದು ಬಿಡಿಸಿ ಹೇಳದು. ಸಕ್ಕರೆಯಿಂದ ಪಾದದ ನರ ಹಾಳಾದವರಲ್ಲೂ ಅದು ಏರುತ್ತದೆ. ಇನ್ನೊಂದು ಮಾತು: ಸಕ್ಕರೆಯವರ ಮರೆವು ಬಹಳ ಸಲ ಸಣ್ಣ ರಕ್ತನಾಳಗಳ ಹಾನಿಯಿಂದ ಬಂದದ್ದು. ಪಿ-ಟೌ ಅದನ್ನು ಹುಡುಕುವುದೇ ಇಲ್ಲ. ಆದ್ದರಿಂದ "ಇಲ್ಲ" ಎಂಬ ವರದಿ ಬಂದರೂ ಮಿದುಳು ಸರಿಯಾಗಿದೆ ಎಂದು ಅರ್ಥವಲ್ಲ. ಪ್ರಯೋಗಾಲಯದ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಕಟ್ಟುವ ಮೊದಲು ವೈದ್ಯರನ್ನು ಕೇಳಿ ಎನ್ನುವುದು ಇದಕ್ಕೇ.

ಇನ್ನೂ ಒಂದು ತೊಡಕಿದೆ, ಅದು ನಮ್ಮ ಜನಕ್ಕೆ ಸೇರಿದ್ದು. ಯಾವ ಅಂಕಿಯನ್ನು ದಾಟಿದರೆ ಕಾಯಿಲೆ ಎಂಬ ಗೆರೆಯನ್ನು ಎಳೆದದ್ದು ಹೆಚ್ಚಾಗಿ ಅಮೆರಿಕ, ಯೂರೋಪಿನ ಜನರ ರಕ್ತ ನೋಡಿ. ಚಿಂತಾಮಣಿಯ ರೈತನಿಗೂ ಅದೇ ಗೆರೆ ಸರಿಹೊಂದುತ್ತದೆಯೇ? ಅದನ್ನು ತಿಳಿಯಬೇಕಾದರೆ ಇಲ್ಲಿನವರನ್ನೇ ವರ್ಷಗಟ್ಟಲೆ ಗಮನಿಸಬೇಕು. ಸಂತೋಷದ ಸಂಗತಿಯೆಂದರೆ ಆ ಕೆಲಸ ನಮ್ಮ ಪಕ್ಕದಲ್ಲೇ ನಡೆಯುತ್ತಿದೆ. ಚಿಂತಾಮಣಿಯ ನೆರೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿತು. 45 ದಾಟಿದ, ಮರೆಗುಳಿ ಕಾಯಿಲೆ ಇಲ್ಲದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು ಅವರ ರಕ್ತ, ನೆನಪು, ಮಿದುಳಿನ ಚಿತ್ರ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ನಾವೂ ಅವರೂ ಕೋಲಾರ ಜಿಲ್ಲೆಯವರೇ. ಅದೇ ಮುದ್ದೆ, ಅದೇ ಬರಗಾಲ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಾವಿನ ತೋಪಿನ ಆ ಹಳ್ಳಿಗರು ಕೊಡುವ ರಕ್ತದಿಂದ ಸಿಗುವ ತಿಳಿವು ನಾಳೆ ನಮ್ಮ ಮನೆಯ ಹಿರಿಯರಿಗೂ ಅನ್ವಯಿಸೀತು.

ಸಕ್ಕರೆಯ ಔಷಧಿಯೇ ಮರೆವಿಗೂ ಮದ್ದಾದೀತೇ ಎಂದು ಕೆಲವರು ಕೇಳುತ್ತಾರೆ. ತೂಕ ಇಳಿಸುತ್ತದೆಂದು ಹೆಸರಾದ ಸೆಮಾಗ್ಲುಟೈಡ್ ಅನ್ನು ಆಲ್ಝೈಮರ್ ರೋಗಿಗಳಿಗೆ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಕಾಯಿಲೆಯ ಓಟ ನಿಧಾನವಾಗಲಿಲ್ಲವೆಂದು 2025ರ ನವೆಂಬರಿನಲ್ಲಿ ತಿಳಿದುಬಂತು. ಸದ್ಯಕ್ಕೆ ನಂಬಬಹುದಾದದ್ದು ಹಳೆಯ ದಾರಿಯೇ: ರಕ್ತದೊತ್ತಡ, ಕೆಟ್ಟ ಕೊಬ್ಬು, ಸಕ್ಕರೆ ಹತೋಟಿಯಲ್ಲಿರಲಿ, ಬೀಡಿ ಹೆಂಡ ದೂರವಿರಲಿ, ದಿನವೂ ನಡೆಯಲಿ, ಕಿವಿ ಮಂದವಾಗಿದ್ದರೆ ಕಿವಿಯಂತ್ರ ಬರಲಿ. ಕಿವಿ ಕೇಳದವರು ಮಾತುಕತೆಯಿಂದ ದೂರವಾಗುತ್ತಾರೆ, ಒಂಟಿಯಾಗುತ್ತಾರೆ. ಕಿವುಡು, ಒಂಟಿತನ ಎರಡೂ ಮರೆವಿಗೆ ದಾರಿಯೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಪಟ್ಟಿ ಮಾಡಿದೆ. ಬದಲಾಯಿಸಬಹುದಾದ ಇಂಥ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು.

ಎಲ್ಲಿಗೆ ಹೋಗಬೇಕು? ಬೆಂಗಳೂರೇ ಆಗಬೇಕೆಂದಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗಳಿಂದಲೇ ಆರಂಭಿಸಬಹುದು. 2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಯೋಜನೆ ತಂದಾಗ ಅದನ್ನು ಮೊದಲು ಪ್ರಾಯೋಗಿಕವಾಗಿ ಆರಂಭಿಸಿದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಕೋಲಾರವೂ ಇದ್ದವು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆಗುಳಿತನ ಇವುಗಳನ್ನು ಜಿಲ್ಲಾ ಮಟ್ಟದಲ್ಲೇ ಗುರುತಿಸಬೇಕೆಂಬುದು ಅದರ ಉದ್ದೇಶ. ಆದ್ದರಿಂದ ಜಿಲ್ಲಾಸ್ಪತ್ರೆಯಲ್ಲಿ ಮಿದುಳಿನ ಕ್ಲಿನಿಕ್ ಯಾವ ದಿನವೆಂದು ಸಂಕೋಚವಿಲ್ಲದೆ ವಿಚಾರಿಸಿ. 65 ದಾಟಿದ ಸಕ್ಕರೆ ರೋಗಿಗಳಿಗೆ ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ ಮಾಡಬೇಕೆಂದು ಮೊದಲು ಹೇಳಿದ ಮಧುಮೇಹ ಸಂಘದ ಮಾರ್ಗಸೂಚಿಯಲ್ಲೇ ಇದೆ. ಇದಕ್ಕೆ ಸೂಜಿ ಬೇಡ, ಹತ್ತು ನಿಮಿಷ ಸಾಕು. ಓದುಬರಹ ಬಾರದವರಿಗೆ ಗಡಿಯಾರ ಬರೆಯಿರಿ, ನೂರರಿಂದ ಏಳು ಕಳೆಯಿರಿ ಎಂದರೆ ತಪ್ಪಾಗಿ ಕಾಯಿಲೆಯೆಂದು ಕಾಣಬಹುದು. ಆದ್ದರಿಂದ ಹಿರಿಯರು ಎಲ್ಲಿಯವರೆಗೆ ಓದಿದ್ದಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಜೊತೆಗೆ ಹೋಗುವವರು ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲಿ, ಯಾರೋ ಕೊಟ್ಟ ನಿದ್ದೆಯ ಮಾತ್ರೆಯೂ ಅದರಲ್ಲಿರಲಿ. ಎಷ್ಟೋ ಸಲ ಗೊಂದಲದ ಮೂಲ ಅದೇ ಆಗಿರುತ್ತದೆ.

ಧರ್ಮಕೇಂದ್ರದಲ್ಲಿ ಮೊದಲ ಶುಕ್ರವಾರ ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವವರಿಗೆ ಒಂದು ಬಿನ್ನಹ. ಮಕ್ಕಳು ಬೆಂಗಳೂರಿನ ಕೆಲಸದಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಿಮಗೆ ಗೊತ್ತು. ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಕುಳಿತು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿ, ಮಾತ್ರೆಯ ಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಹೋದ ತಿಂಗಳ ಪಟ್ಟಿಯಲ್ಲಿ ಮಾತ್ರೆಗಳು ಹಾಗೇ ಉಳಿದಿದ್ದರೆ, ಅಥವಾ ಈ ತಿಂಗಳದ್ದು ಹತ್ತನೇ ತಾರೀಖಿಗೇ ಮುಗಿದಿದ್ದರೆ, ಮನೆ ಬಿಡುವ ಮೊದಲೇ ಅವರ ಮಗನಿಗೋ ಮಗಳಿಗೋ ಫೋನ್ ಮಾಡಿ.